ಬ್ಲಾಕ್ ಎಷ್ಟು ಗಂಟೆಗೆ ಬಿಡುತ್ತೆ?

(ತುಮಕೂರಿನಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು, ಓಟಿ (ಆಪರೇಷನ್ ಥಿಯೇಟರ್) ಟೆಕ್ನಿಷಿಯನ್ನರು ಮತ್ತು ಊರಿನ ಆಸಕ್ತರ ಮುಂದೆ ಅರಿವಳಿಕೆ ವೈದ್ಯರೊಬ್ಬರು ಆಡಿದ ಮಾತಿನ ಬರಹ ರೂಪ)

ರಾತ್ರಿ 2 ಗಂಟೆಗೆ ಬಂದ ಒಂದು ಫೋನಿನಿಂದ ಶುರು ಮಾಡುತ್ತೇನೆ. ನಾನಾಗ ಕೆಲಸಕ್ಕೆ ಸೇರಿದ ಹೊಸತು. ತಿಪಟೂರು ಕಡೆಯವರೊಬ್ಬರು ತೆಂಗಿನ ಮರದಿಂದ ಬಿದ್ದು, ಮುಂಗೈಯ ಎರಡೂ ಮೂಳೆ ಮುರಿದುಕೊಂಡು ಬಂದಿದ್ದರು. ಮಧ್ಯಾಹ್ನ 2ಕ್ಕೆ ಕಾಲರ್ ಬೋನ್ ಮೇಲುಗಡೆ ಸೂಜಿ ಹಾಕಿ ಬ್ಲಾಕ್ ಕೊಟ್ಟೆ, ಅಂದರೆ ಕೈಯ ನರಗಳನ್ನು ಮರಗಟ್ಟಿಸಿದೆ. ಹಾಕಿದ ಮದ್ದು ಅರ್ಧ ಪರ್ಸೆಂಟ್ ಬುಪಿವಕೇನ್. ಬ್ಲಾಕ್ ಎಷ್ಟು ಚೆನ್ನಾಗಿ ಹಿಡಿಯಿತು ಅಂದರೆ, ಪ್ಲೇಟ್ ಕೂರಿಸಲು ಡ್ರಿಲ್ ಶುರುವಾದಾಗ ಆಯಪ್ಪ ಮಲಗಿದಲ್ಲೇ, "ಏನ್ ಸಾರ್, ಬೋರ್ ಕೊರೆಸ್ತಾ ಇದೀರಾ? ನೀರು ಬಂದ್ರೆ ಹೇಳಿ" ಅಂದರು. ಓಟಿಯಲ್ಲಿ ಎಲ್ಲರೂ ನಕ್ಕೆವು. ನಾನಂತೂ ಬೀಗುತ್ತಾ ಮನೆಗೆ ಹೋದೆ.

ರಾತ್ರಿ 8ಕ್ಕೆ ಸಿಸ್ಟರ್ ಹೋಗಿ ನೋವಿದೆಯಾ ಅಂತ ಕೇಳಿದ್ದಾರೆ. "ಕೈನೇ ಇಲ್ಲ ತಾಯಿ, ನೋವು ಎಲ್ಲಿಂದ ಬರುತ್ತೆ" ಅಂದಿದ್ದಾರೆ ಇವರು. ಕೇಸ್ ಶೀಟಿನಲ್ಲಿ ನೋವಿನ ಇಂಜೆಕ್ಷನ್ ಮುಂದೆ ನಾನೇ "ಎಸ್‌ಒಎಸ್" ಅಂತ ಬರೆದಿದ್ದೆ. ಬೇಕಾದರೆ ಮಾತ್ರ ಕೊಡಿ ಅಂತ ಅದರ ಅರ್ಥ. ಬೇಕಾಗಿರಲಿಲ್ಲ, ಹಾಗಾಗಿ ಕೊಡಲಿಲ್ಲ. ಸಿಸ್ಟರ್ ಮಾಡಿದ್ದರಲ್ಲಿ ತಪ್ಪೇನೂ ಇಲ್ಲ. ಮಧ್ಯರಾತ್ರಿ ದಾಟಿದ ಮೇಲೆ ಬೆರಳಲ್ಲಿ ಜೋಮು ಬಂದಿದೆ. ಆಮೇಲೆ ಒಂದು ಗಂಟೆಯೊಳಗೆ ಬ್ಲಾಕ್ ಪೂರ್ತಿ ಬಿಟ್ಟಿದೆ. ಮೂಳೆಗೆ ಆರು ಸ್ಕ್ರೂ ಬಿಗಿದ ಕೈ ಅದು. ಒಂದು ಮಾತ್ರೆಯೂ ಮೈಯಲ್ಲಿಲ್ಲ. ನಾನು ಬಂದು ನೋಡಿದಾಗ, ಮರ ಹತ್ತಿ ಗಟ್ಟಿಯಾದ ಆ ಮನುಷ್ಯ ಮಂಚದ ಕಂಬಿ ಹಿಡಿದುಕೊಂಡು ಅಳುತ್ತಿದ್ದರು.

ಬೆಳಿಗ್ಗೆ ಹೇಳಿದರು: "ಆಪರೇಷನ್ ಚೆನ್ನಾಗೇ ಆಯ್ತು ಸಾರ್. ರಾತ್ರಿ ಏನ್ ಮಾಡಿದ್ರಿ?"

ಇವತ್ತಿನ ನನ್ನ ವಿಷಯ, ಹೆಚ್ಚು ಹೊತ್ತು ಮರಗಟ್ಟಿಸುವ ಮದ್ದುಗಳನ್ನು ಹೋಲಿಸಿ ನೋಡುವುದು. ಸಾಮಾನ್ಯವಾಗಿ ಈ ವಿಷಯದ ಮಾತು "ಯಾವುದು ಜಾಸ್ತಿ ಹೊತ್ತು ಹಿಡಿಯುತ್ತೆ" ಅನ್ನುವಲ್ಲಿಗೇ ಬಂದು ನಿಲ್ಲುತ್ತದೆ. ನಾನು ಉಲ್ಟಾ ಕೇಳುತ್ತೇನೆ. ಎಷ್ಟು ಗಂಟೆಗೆ ಬಿಡುತ್ತೆ? ಬಿಟ್ಟಾಗ ಪಕ್ಕದಲ್ಲಿ ಯಾರಿರುತ್ತಾರೆ?

ಮೊದಲು ಬ್ಲಾಕ್ ಅಂದರೇನು ನೋಡೋಣ. ನಮ್ಮದು ಕೆರೆಗಳ ಸೀಮೆ. ಕೆರೆ ಏರಿಯ ಕೆಳಗೆ ತೂಬು ಇರುತ್ತದಲ್ಲ, ಹಾಗೆ ನರದ ಮೈತುಂಬಾ ಸಣ್ಣ ಸಣ್ಣ ತೂಬುಗಳಿವೆ ಅಂದುಕೊಳ್ಳಿ. ತೂಬು ತೆರೆದರೆ ಸೋಡಿಯಂ ಒಳಗೆ ನುಗ್ಗುತ್ತದೆ. ಅದರಿಂದ ಪಕ್ಕದ ತೂಬು ತೆರೆಯುತ್ತದೆ, ಅದರಿಂದ ಮುಂದಿನದು. ನೋವಿನ ಸುದ್ದಿ ಬೆರಳಿಂದ ಮಿದುಳಿಗೆ ಹೋಗುವುದು ಹೀಗೆ. ನಾವು ಹಾಕುವ ಮದ್ದು ತೂಬಿಗೆ ಒಳಗಿನಿಂದ ಬಿರಡೆ ಬಡಿಯುತ್ತದೆ. ಸುದ್ದಿ ಅಲ್ಲೇ ನಿಲ್ಲುತ್ತದೆ. ಬಿರಡೆ ಕಳಚಿಕೊಂಡು ರಕ್ತದಲ್ಲಿ ಹರಿದುಹೋದ ಮೇಲೆ ತೂಬು ಮತ್ತೆ ತೆರೆಯುತ್ತದೆ. ಅದನ್ನೇ ನಾವು "ಬ್ಲಾಕ್ ಬಿಡ್ತು" ಅನ್ನುವುದು.

ನಿಮಗೆಲ್ಲ ಗೊತ್ತಿರುವುದು ಲಿಗ್ನೊಕೇನ್. ಹಲ್ಲು ಕೀಳುವಾಗ ಹಾಕುತ್ತಾರಲ್ಲ, ಅದೇ. ಬೇಗ ಹಿಡಿಯುತ್ತದೆ, ಬೇಗ ಬಿಡುತ್ತದೆ. ಅಡ್ರಿನಲಿನ್ ಸೇರಿಸಿದರೂ ಕೈಯ ಬ್ಲಾಕಿನಲ್ಲಿ 2ರಿಂದ 4 ಗಂಟೆ ಅಷ್ಟೇ. ಬುಪಿವಕೇನ್ ಹಾಗಲ್ಲ. ಸೂಜಿ ಹಾಕಿ ಸುಮಾರು 20 ನಿಮಿಷ ಕಾಯಬೇಕು. ಸರ್ಜನ್ನರು ಗಡಿಯಾರ ನೋಡುತ್ತಾರೆ, ನಮ್ಮ ಮುಖ ನೋಡುತ್ತಾರೆ, ಮತ್ತೆ ಗಡಿಯಾರ ನೋಡುತ್ತಾರೆ. ಆದರೆ ಒಮ್ಮೆ ಹಿಡಿದರೆ 10–12 ಗಂಟೆ ಅಲ್ಲಾಡುವುದಿಲ್ಲ. ಕೆಲವರಲ್ಲಿ 18 ಗಂಟೆಯವರೆಗೂ ಹೋಗುತ್ತದೆ. ಕಾರಣ ಎರಡು. ಇದು ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ, ನರದ ಹೊದಿಕೆಯೂ ಬಹುಪಾಲು ಕೊಬ್ಬೇ. ಜೊತೆಗೆ ಪ್ರೋಟೀನಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ನೂರಕ್ಕೆ 95 ಭಾಗ. ಲಿಗ್ನೊಕೇನ್ ಅಂಟಿಕೊಳ್ಳುವುದು 65 ಭಾಗದಷ್ಟು.

ಇಲ್ಲಿ ಕೆಲವರು ಜಾಣತನ ಮಾಡುತ್ತಾರೆ. ಬೇಗ ಹಿಡಿಯಲಿ ಅಂತ ಲಿಗ್ನೊಕೇನ್, ಜಾಸ್ತಿ ಹೊತ್ತಿರಲಿ ಅಂತ ಬುಪಿವಕೇನ್, ಎರಡನ್ನೂ ಒಂದೇ ಸಿರಿಂಜಿಗೆ ಎಳೆದುಬಿಡುತ್ತಾರೆ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದವನು. ಬೆರೆಸಿದರೆ ಬುಪಿವಕೇನ್ ತೆಳುವಾಗುತ್ತದೆ, ಹಿಡಿಯುವ ಹೊತ್ತೂ ಕಡಿಮೆಯಾಗುತ್ತದೆ. ಎರಡರ ವಿಷ ಮಾತ್ರ ಕೂಡಿಕೊಳ್ಳುತ್ತದೆ. ಹತ್ತು ನಿಮಿಷ ಉಳಿಸಲು ಹೋಗಿ ಗಂಟೆಗಳನ್ನು ಕಳೆದುಕೊಂಡಂತೆ. ಈಗ ಬಿಟ್ಟಿದ್ದೇನೆ.

ವಿಷ ಅಂದೆನಲ್ಲ, ಅಲ್ಲಿಗೇ ಬರೋಣ. ಬುಪಿವಕೇನನ್ನು ಮೊದಲು ತಯಾರಿಸಿದ್ದು 1957ರಲ್ಲಿ, ಸ್ವೀಡನ್ನಿನಲ್ಲಿ. ಬಳಕೆಗೆ ಬಂದ ಮೇಲೆ ಎಲ್ಲರಿಗೂ ಇಷ್ಟವಾಯಿತು. 1979ರಲ್ಲಿ ಅಮೆರಿಕದ ಜಾರ್ಜ್ ಆಲ್‌ಬ್ರೈಟ್ ಅನ್ನುವ ವೈದ್ಯರು ಒಂದು ಸಂಪಾದಕೀಯ ಬರೆದರು. ಈ ಮದ್ದು ಅಕಸ್ಮಾತ್ ರಕ್ತನಾಳಕ್ಕೆ ಹೋದರೆ ಹೃದಯ ನಿಂತುಬಿಡುತ್ತಿದೆ, ನಿಂತ ಹೃದಯವನ್ನು ಮತ್ತೆ ಶುರು ಮಾಡುವುದು ತುಂಬಾ ಕಷ್ಟವಾಗುತ್ತಿದೆ ಅಂತ. ಆಮೇಲೆ, 1980ರ ದಶಕದಲ್ಲಿ, ಹೆರಿಗೆ ಅರಿವಳಿಕೆಗೆ ಮುಕ್ಕಾಲು ಪರ್ಸೆಂಟ್ ಬುಪಿವಕೇನ್ ಬಳಸಬೇಡಿ ಅಂತ ಅಲ್ಲಿನ ಸರ್ಕಾರಿ ಔಷಧ ಸಂಸ್ಥೆ ಎಚ್ಚರಿಸಿತು.

ಯಾಕೆ ಹೀಗೆ? ಹೃದಯದಲ್ಲೂ ಅದೇ ಸೋಡಿಯಂ ತೂಬುಗಳಿವೆ. ಲಿಗ್ನೊಕೇನ್ ಅಲ್ಲಿ ಹೊಕ್ಕರೂ ಮುಂದಿನ ಬಡಿತದ ಹೊತ್ತಿಗೆ ಹೊರಬಂದಿರುತ್ತದೆ. ಬುಪಿವಕೇನ್ ಬೇಗ ಹೊಗುತ್ತದೆ, ಆದರೆ ಮುಂದಿನ ಬಡಿತ ಬಂದರೂ ಹೊರಡುವುದಿಲ್ಲ. ಬಡಿತಕ್ಕೊಂದಿಷ್ಟು ಬಿರಡೆ ಕೂಡುತ್ತಾ ಹೋಗುತ್ತವೆ. ನರದಲ್ಲಿ ನಮಗೆ ಬೇಕಾದ ಗುಣವೇ ಹೃದಯದಲ್ಲಿ ನಮ್ಮನ್ನು ಸಾಯಿಸುತ್ತದೆ. ಕೈಗೆ ಬಿಗಿಪಟ್ಟಿ ಕಟ್ಟಿ ರಕ್ತನಾಳಕ್ಕೇ ಮದ್ದು ಬಿಡುವ ಬಿಯರ್ ಬ್ಲಾಕ್ ಅಂತ ಒಂದಿದೆ. ಅದಕ್ಕೆ ಬುಪಿವಕೇನ್ ಮುಟ್ಟಲೇಬಾರದು ಅನ್ನುವುದೂ ಇದೇ ಕಾರಣಕ್ಕೆ.

ಕಂಪನಿಗಳು ಇದಕ್ಕೆ ಪರಿಹಾರ ಹುಡುಕಿದ ಬಗೆ ಸ್ವಾರಸ್ಯವಾಗಿದೆ. ಒಂದು ಮೂಟೆ ಚಪ್ಪಲಿ ಇದೆ ಅಂದುಕೊಳ್ಳಿ. ಅರ್ಧ ಎಡಗಾಲಿನವು, ಅರ್ಧ ಬಲಗಾಲಿನವು. ಅಳತೆ ಒಂದೇ, ಚರ್ಮ ಒಂದೇ, ಆದರೆ ಎಡದ್ದು ಬಲಗಾಲಿಗೆ ಕೂರುವುದಿಲ್ಲ. ಬುಪಿವಕೇನ್ ಅಣುಗಳೂ ಹಾಗೇ, ಎಡ ಬಲ ಸಮಸಮ ಬೆರೆತಿವೆ. ನರವನ್ನು ಎರಡೂ ಮರಗಟ್ಟಿಸುತ್ತವೆ. ಹೃದಯದ ತೂಬಿನಲ್ಲಿ ಹೆಚ್ಚು ಗಟ್ಟಿಯಾಗಿ ಕೂರುವುದು ಬಲದ್ದು. ಹಾಗಾದರೆ ಎಡದ್ದನ್ನು ಮಾತ್ರ ಆರಿಸಿ ಮಾರಿದರೆ? ಅದೇ ಲೆವೊಬುಪಿವಕೇನ್. ರೋಪಿವಕೇನ್ ಕೂಡ ಎಡದ್ದೇ, ಆದರೆ ಅದಕ್ಕೆ ಬಾಲವನ್ನೂ ಸ್ವಲ್ಪ ಕತ್ತರಿಸಿದ್ದಾರೆ. ಬುಪಿವಕೇನಿನ ಬಾಲದಲ್ಲಿ 4 ಕಾರ್ಬನ್, ರೋಪಿವಕೇನಿನದರಲ್ಲಿ 3. ಒಂದು ಕಾರ್ಬನ್ ಕಡಿಮೆಯಾದ್ದಕ್ಕೆ ಕೊಬ್ಬಿನಲ್ಲಿ ಕರಗುವುದು ಕಡಿಮೆಯಾಯಿತು, ಹೃದಯಕ್ಕೆ ಅಪಾಯವೂ ಕಡಿಮೆಯಾಯಿತು, ಜೊತೆಗೆ ಶಕ್ತಿಯೂ ಒಂದಿಷ್ಟು ಕುಗ್ಗಿತು. ರೋಪಿವಕೇನ್ 1996ರಿಂದ ಬಳಕೆಯಲ್ಲಿದೆ.

ಲೆವೊಬುಪಿವಕೇನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಿಡಿಯುವುದರಲ್ಲಿ, ಬಿಡುವುದರಲ್ಲಿ ಹೆಚ್ಚುಕಮ್ಮಿ ಬುಪಿವಕೇನಿನ ಹಾಗೇ. ಹೃದಯದ ಮಟ್ಟಿಗೆ ಸ್ವಲ್ಪ ವಾಸಿ. ನಮ್ಮ ದಿನನಿತ್ಯದ ಜಗ್ಗಾಟ ಇರುವುದು ಬುಪಿ ಮತ್ತು ರೋಪಿ ನಡುವೆ.

ಈಗ ಒಂದು ಲೆಕ್ಕ. ನರ್ಸಿಂಗ್ ಓದುತ್ತಿರುವವರು ಬರೆದುಕೊಳ್ಳಿ. ವಯಲ್ ಮೇಲಿನ ಪರ್ಸೆಂಟನ್ನು 10ರಿಂದ ಗುಣಿಸಿದರೆ ಒಂದು ಎಂಎಲ್‌ನಲ್ಲಿ ಎಷ್ಟು ಮಿಲಿಗ್ರಾಂ ಇದೆ ಅಂತ ಸಿಗುತ್ತದೆ. ಅರ್ಧ ಪರ್ಸೆಂಟ್ ಅಂದರೆ 5 ಮಿಲಿಗ್ರಾಂ. ಬುಪಿವಕೇನ್ ಕೆಜಿಗೆ 2 ಮಿಲಿಗ್ರಾಂ, ರೋಪಿವಕೇನ್ ಕೆಜಿಗೆ 3 ಮಿಲಿಗ್ರಾಂ ಅಂತ ಸಾಮಾನ್ಯವಾಗಿ ಇಟ್ಟುಕೊಳ್ಳುತ್ತೇವೆ. ಪಾವಗಡದ ಕಡೆಯಿಂದ 45 ಕೆಜಿಯ ಒಬ್ಬ ಹೆಣ್ಣುಮಗಳು ಬಂದರು ಅನ್ನಿ. ಬುಪಿವಕೇನ್ 90 ಮಿಲಿಗ್ರಾಂ, ಅರ್ಧ ಪರ್ಸೆಂಟಿನದು 18 ಎಂಎಲ್. ರೋಪಿವಕೇನ್ 135 ಮಿಲಿಗ್ರಾಂ, ಅರ್ಧ ಪರ್ಸೆಂಟಿನದು 27 ಎಂಎಲ್. ಮುಕ್ಕಾಲು ಪರ್ಸೆಂಟ್ ರೋಪಿವಕೇನ್ ತೆಗೆದುಕೊಂಡರೆ ಮತ್ತೆ 18ಕ್ಕೇ ಬಂದಿರಿ. ರೋಪಿವಕೇನ್ ಸೇಫ್ ಅಂತ ಸುಮ್ನೆ ಸುರಿಯುವ ಹಾಗಿಲ್ಲ.

ಈ ಲೆಕ್ಕ ನನಗೆ ಪುಸ್ತಕದಿಂದ ತಲೆಗೆ ಹೋದದ್ದಲ್ಲ. ಪಿಜಿ ಮಾಡುವಾಗ ನೋಡಿದ್ದು. ಯಾವ ಊರು, ಯಾವ ಆಸ್ಪತ್ರೆ ಬೇಡ. ಆಗ ನಮ್ಮಲ್ಲಿ ಅಲ್ಟ್ರಾಸೌಂಡ್ ಇರಲಿಲ್ಲ. ಸೂಜಿ ಆಡಿಸುತ್ತಾ "ಕರೆಂಟ್ ಹೊಡೆದಂಗಾಯ್ತಾ?" ಅಂತ ಕೇಳುವುದು, ಹೌದು ಅಂದರೆ ಅಲ್ಲೇ 30 ಎಂಎಲ್ ಬಿಡುವುದು. ಒಬ್ಬ ತೆಳ್ಳನೆಯ ಹೆಂಗಸು, ಹೆಚ್ಚೆಂದರೆ 45 ಕೆಜಿ ಇದ್ದರೇನೋ. ಮದ್ದು ಹೋಗಿ ಎರಡು ನಿಮಿಷವಾಗಿಲ್ಲ, "ತಾಮ್ರದ ಚೊಂಬು ನೆಕ್ಕಿದಂಗೆ ಆಗ್ತೈತೆ ಬಾಯಲ್ಲಿ" ಅಂದರು. ನಾನು ಗಮನ ಕೊಡಲಿಲ್ಲ. ಹೆದರಿದ್ದಾರೆ ಅಂದುಕೊಂಡೆ. "ಕಿವೀಲಿ ಜೀರುಂಡೆ ಕೂಗ್ತಾವೆ" ಅಂದರು. ಆಮೇಲೆ ಮಾತು ತೊದಲಿತು. ಆಮೇಲೆ ಫಿಟ್ಸ್. ಸೀನಿಯರ್ ಓಡಿಬಂದು ಆಕ್ಸಿಜನ್ ಹಿಡಿದು, ಫಿಟ್ಸ್ ನಿಲ್ಲಿಸುವ ಇಂಜೆಕ್ಷನ್ ಕೊಟ್ಟು ಉಳಿಸಿಕೊಂಡರು. ಹೃದಯ ನಿಲ್ಲಲಿಲ್ಲ, ಆಕೆಯ ಪುಣ್ಯ, ನಮ್ಮ ಪುಣ್ಯ. 30 ಎಂಎಲ್ ಅರ್ಧ ಪರ್ಸೆಂಟ್ ಅಂದರೆ 150 ಮಿಲಿಗ್ರಾಂ. ಆಕೆಗೆ ಹೋಗಬೇಕಾಗಿದ್ದು 90.

ಬಾಯಲ್ಲಿ ಲೋಹದ ರುಚಿ, ತುಟಿ ಸುತ್ತ ಜುಮ್ಮೆನ್ನುವುದು, ಕಿವಿಯಲ್ಲಿ ಸದ್ದು. ಪೇಷಂಟ್ ಇಷ್ಟು ಹೇಳಿದರೆ ಸಿರಿಂಜಿನ ಮೇಲಿನ ಹೆಬ್ಬೆರಳು ಅಲ್ಲೇ ನಿಲ್ಲಬೇಕು. ಟೆಕ್ನಿಷಿಯನ್ನರೇ, ಸಾಮಾನ್ಯವಾಗಿ ಸಿರಿಂಜ್ ಒತ್ತುತ್ತಿರುವವರು ನೀವು. ಡಾಕ್ಟರ್ ಹೇಳಲಿ ಅಂತ ಕಾಯಬೇಡಿ.

ಇಲ್ಲಿ ಒಂದು ಅಡ್ಡದಾರಿ ಹಿಡಿಯುತ್ತೇನೆ, ಯಾಕಂದರೆ ಈ ಕಥೆ ನನಗೆ ಬಹಳ ಇಷ್ಟ. ಗೈ ವೈನ್‌ಬರ್ಗ್ ಅಂತ ಚಿಕಾಗೋದ ಒಬ್ಬ ಅರಿವಳಿಕೆ ವೈದ್ಯರು. ಕಾರ್ನಿಟಿನ್ ಕೊರತೆ ಇದ್ದ ಒಬ್ಬ ರೋಗಿಗೆ ತೀರಾ ಸ್ವಲ್ಪ ಬುಪಿವಕೇನಿಗೇ ಹೃದಯದ ಲಯ ತಪ್ಪಿದ್ದನ್ನು ಕಂಡರು. ಕಾರ್ನಿಟಿನ್ ಇಲ್ಲದಿದ್ದರೆ ಹೃದಯ ಕೊಬ್ಬನ್ನು ಉರಿಸಲಾರದು. ಹಾಗಾದರೆ ಕೊಬ್ಬು ಜಾಸ್ತಿಯಾದರೆ ವಿಷ ಇನ್ನೂ ಏರಬೇಕಲ್ಲವಾ? ಪರೀಕ್ಷಿಸಲು ಇಲಿಗಳಿಗೆ ಕೊಬ್ಬಿನ ಡ್ರಿಪ್ ಕೊಟ್ಟು ಬುಪಿವಕೇನ್ ಹಾಕಿದರು. ಇಲಿಗಳು ಬೇಗ ಸಾಯಬೇಕಿತ್ತು. ಸಾಯಲೇ ಇಲ್ಲ, ಮೊದಲಿಗಿಂತ ಹೆಚ್ಚು ಮದ್ದು ತಡೆದುಕೊಂಡವು! ಆ ವರದಿ ಬಂದದ್ದು 1998ರಲ್ಲಿ. 2006ರಲ್ಲಿ ನ್ಯೂಯಾರ್ಕಿನಲ್ಲಿ ಭುಜದ ಆಪರೇಷನ್ನಿಗೆ ಬ್ಲಾಕ್ ಹಾಕಿದ ಒಬ್ಬರಿಗೆ ಹೃದಯ ನಿಂತಿತು. 20 ನಿಮಿಷ ಎದೆ ಒತ್ತಿದರೂ ಏಳಲಿಲ್ಲ. ಕೊನೆಗೆ ಈ ಕೊಬ್ಬಿನ ಡ್ರಿಪ್ ಕೊಟ್ಟರು. ಹೃದಯ ಮತ್ತೆ ಬಡಿಯಿತು.

ಹಾಲಿನ ಹಾಗೆ ಬೆಳ್ಳಗಿರುವ ಬಾಟಲಿ ಅದು. ಸೋಯಾ ಎಣ್ಣೆ, ಮೊಟ್ಟೆಯ ಲೆಸಿಥಿನ್, ಗ್ಲಿಸರಿನ್. ಊಟ ಸೇರದ ಐಸಿಯು ರೋಗಿಗಳಿಗೆ ಕೊಡುತ್ತಾರಲ್ಲ, ಅದೇ 20 ಪರ್ಸೆಂಟ್ ಲಿಪಿಡ್. ಮೊದಲು ಕೆಜಿಗೆ ಒಂದೂವರೆ ಎಂಎಲ್ ಒಟ್ಟಿಗೆ, ಆಮೇಲೆ ನಿಮಿಷಕ್ಕೆ ಕೆಜಿಗೆ ಕಾಲು ಎಂಎಲ್. ಬ್ಲಾಕ್ ಹಾಕುವ ಓಟಿಯಲ್ಲಿ ಈ ಬಾಟಲಿ ಇರಬೇಕು, ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಿರಬೇಕು. ಬೀರುವಿಗೆ ಬೀಗ ಹಾಕಿ ಬೀಗದ ಕೈ ಸ್ಟೋರ್‌ಕೀಪರ್ ಮನೆಗೆ ಒಯ್ದಿದ್ದರೆ ಆ ಬಾಟಲಿ ಇದ್ದೂ ಇಲ್ಲದ ಹಾಗೆ.

ಈಗ ಅಲ್ಟ್ರಾಸೌಂಡ್ ಬಂದಿದೆ. ನರ ಕಾಣುತ್ತದೆ, ರಕ್ತನಾಳ ಕಾಣುತ್ತದೆ, ಮದ್ದು ನರದ ಸುತ್ತ ಹರಡುವುದು ಕಾಣುತ್ತದೆ. 30 ಎಂಎಲ್ ಹಾಕುತ್ತಿದ್ದ ಕಡೆ 20, ಕೆಲವೊಮ್ಮೆ 15ರಲ್ಲೇ ಮುಗಿಸುತ್ತೇನೆ. ಆದರೆ ಆ ಮೆಷಿನ್ ಓಟಿಗೆ ತರಬೇಕು ಅಂದರೆ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ನೋಂದಣಿ ಆಗಬೇಕು. ಕಾನೂನು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ನೋಡುವುದು ಕಂಕುಳು ಮತ್ತು ಕತ್ತು. ಆ ಕಾಗದಪತ್ರದ ಕಷ್ಟ ಇನ್ನೊಂದು ದಿನದ ಉಪನ್ಯಾಸ.

ಮತ್ತೆ ಹೋಲಿಕೆಗೆ. ಅರ್ಧ ಪರ್ಸೆಂಟಿಗೆ ಅರ್ಧ ಪರ್ಸೆಂಟ್ ಇಟ್ಟರೆ ರೋಪಿವಕೇನ್ ಸಾಮಾನ್ಯವಾಗಿ ಒಂದೆರಡು ಗಂಟೆ ಮುಂಚೆ ಬಿಡುತ್ತದೆ. ಬುಪಿವಕೇನ್ ಅಗ್ಗ, ಎಲ್ಲ ಕಡೆ ಸಿಗುತ್ತದೆ, ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಇದೆ. ಹಾಗಾದರೆ ರೋಪಿವಕೇನ್ ಯಾಕೆ ಬೇಕು? ಒಂದು ಕಾರಣ ಹೃದಯ, ಹೇಳಿಯಾಯಿತು. ಇನ್ನೊಂದು ಕಾಲು. ನೋವಿನ ನರದೆಳೆಗಳು ಸಣ್ಣವು, ಸ್ನಾಯು ಆಡಿಸುವ ಎಳೆಗಳು ದಪ್ಪ. ತೆಳುವಾದ ರೋಪಿವಕೇನ್, 0.2 ಪರ್ಸೆಂಟ್ ಅಂದುಕೊಳ್ಳಿ, ಸಣ್ಣ ಎಳೆಗಳನ್ನು ಹಿಡಿದು ದಪ್ಪ ಎಳೆಗಳನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಮಂಡಿ ಆಪರೇಷನ್ ಆದವರನ್ನು ಅವತ್ತೇ ನಡೆಸಬೇಕು ಅಂದರೆ ಈ ಗುಣ ಬೇಕು. ಬುಪಿವಕೇನಿನಲ್ಲೂ ಈ ಗುಣ ಇದೆ, ಕಡಿಮೆ. ತೊಡೆಯ ನರಕ್ಕೆ ದಪ್ಪ, ಅಂದರೆ ಪರ್ಸೆಂಟ್ ಜಾಸ್ತಿ ಇರುವ, ಬುಪಿವಕೇನ್ ಹಾಕಿಸಿಕೊಂಡವರು ನೋವಿಲ್ಲ ಅಂತ ಎದ್ದು ನಿಲ್ಲುತ್ತಾರೆ, ಮಂಡಿ ಕುಸಿಯುತ್ತದೆ, ಬಾತ್‌ರೂಮ್ ಬಾಗಿಲಲ್ಲೇ ಬೀಳುತ್ತಾರೆ.

ಹೊತ್ತು ಹೆಚ್ಚಿಸಲು ಸಿರಿಂಜಿಗೆ ಏನೇನೋ ಸೇರಿಸುವ ಚಾಳಿಯೂ ಇದೆ. ಡೆಕ್ಸಾಮೆಥಸೋನ್ ಅನ್ನುವ ಸ್ಟೀರಾಯ್ಡ್ 4ರಿಂದ 8 ಮಿಲಿಗ್ರಾಂ ಹಾಕಿದರೆ ಬುಪಿವಕೇನ್ ಇನ್ನೂ ಆರೇಳು ಗಂಟೆ ಮುಂದಕ್ಕೆ ಹೋಗುತ್ತದೆ. ನರದ ಪಕ್ಕ ಹಾಕಲು ಅದಕ್ಕೆ ಅಧಿಕೃತ ಒಪ್ಪಿಗೆ ಇಲ್ಲ. ನಾನು ಅದನ್ನು ಡ್ರಿಪ್ಪಿನ ನಾಳಕ್ಕೇ ಕೊಡುತ್ತೇನೆ. ಲಾಭ ಸ್ವಲ್ಪ ಕಡಿಮೆ, ನಿದ್ದೆ ಚೆನ್ನಾಗಿ ಬರುತ್ತದೆ, ನನಗೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಶುಗರ್ ಏರುವುದನ್ನು ನೋಡಿಕೊಳ್ಳಬೇಕು. ಡೆಕ್ಸ್‌ಮೆಡಿಟೊಮಿಡಿನ್ ಕೂಡ ಹೊತ್ತು ಹೆಚ್ಚಿಸುತ್ತದೆ, ಆದರೆ ನಾಡಿ ನಿಧಾನವಾಗುತ್ತದೆ, ಮಂಪರು ಬರುತ್ತದೆ.

ಇನ್ನು ಲೈಪೊಸೋಮಲ್ ಬುಪಿವಕೇನ್. ಮದ್ದನ್ನು ಕೊಬ್ಬಿನ ಸಣ್ಣ ಗುಳ್ಳೆಗಳಲ್ಲಿ ತುಂಬಿರುತ್ತಾರೆ, ಗುಳ್ಳೆ ಒಡೆದಂತೆ ಮದ್ದು ಸ್ವಲ್ಪ ಸ್ವಲ್ಪವೇ ಹೊರಬರುತ್ತದೆ. ಅಮೆರಿಕದಲ್ಲಿ 2011ರಲ್ಲಿ ಒಪ್ಪಿಗೆ ಸಿಕ್ಕಿತು, ಭುಜದ ಬ್ಲಾಕಿಗೆ 2018ರಲ್ಲಿ. ಎರಡು ಮೂರು ದಿನದ ಆಸೆ ತೋರಿಸಿದ ಮದ್ದು. 2021ರಲ್ಲಿ ಅಮೆರಿಕದ ಅರಿವಳಿಕೆ ವೈದ್ಯರ ಸಂಘದ ಪತ್ರಿಕೆ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿತು. ಸಾಮಾನ್ಯ ಬುಪಿವಕೇನಿಗಿಂತ ರೋಗಿಗೆ ಗೊತ್ತಾಗುವಷ್ಟು ಲಾಭ ಇಲ್ಲ ಅಂದಿತು. ತಯಾರಿಸುವ ಕಂಪನಿ ಸಂಘದ ಮೇಲೇ ಕೇಸು ಹಾಕಿತು. ಕೋರ್ಟು ಅದನ್ನು ವಜಾ ಮಾಡಿತು. ನನ್ನನ್ನು ಕೇಳಿದರೆ, ಆ ಬೆಲೆಗೆ ನರದ ಪಕ್ಕ ಒಂದು ಕ್ಯಾತಿಟರ್ (ಸಣ್ಣ ನಳಿಕೆ) ಇಟ್ಟು ತೆಳು ರೋಪಿವಕೇನ್ ಹರಿಸುವುದು ವಾಸಿ. ಬೇಡ ಅನ್ನಿಸಿದಾಗ ನಿಲ್ಲಿಸಬಹುದು. ಗುಳ್ಳೆ ಒಳಗೆ ಹೋದ ಮೇಲೆ ನಿಲ್ಲಿಸಲು ಆಗುವುದಿಲ್ಲ.

ನಿಲ್ಲಿಸಬೇಕಾದ ಸಂದರ್ಭ ಇರುತ್ತಾ ಅಂತ ಕೇಳಬಹುದು. ಇರುತ್ತದೆ. ಹೈವೇಯಲ್ಲಿ ಲಾರಿಗೆ ಬೈಕ್ ಗುದ್ದಿ ಮೊಣಕಾಲ ಕೆಳಗಿನ ಮೂಳೆ ಪುಡಿಯಾದವರು ಬರುತ್ತಾರೆ. ಅಂಥ ಕಾಲಿನಲ್ಲಿ ಒಳಗೇ ಬಾವು ಏರಿ, ಒತ್ತಡಕ್ಕೆ ಸ್ನಾಯು ಸಾಯಬಹುದು. ಅದರ ಮೊದಲ ಸೂಚನೆ ಅಂದರೆ ತಡೆಯಲಾರದ ನೋವು. 15 ಗಂಟೆ ಮರಗಟ್ಟಿಸಿ ಕೂರಿಸಿದರೆ ಆ ಸೂಚನೆ ಯಾರಿಗೆ ತಲುಪುತ್ತದೆ? ಇದರ ಬಗ್ಗೆ ನಮ್ಮವರಲ್ಲೇ ವಾದ ಇದೆ. ನಾನಂತೂ ಅಂಥ ಕಾಲಿಗೆ ದಪ್ಪ ಬುಪಿವಕೇನ್ ಹಾಕುವುದಿಲ್ಲ. ಸರ್ಜನ್ ಜೊತೆ ಮಾತಾಡಿ, ತೆಳು ಮದ್ದು ಅಥವಾ ಬರೀ ಸ್ಪೈನಲ್ (ಬೆನ್ನಿಗೆ ಹಾಕುವ ಇಂಜೆಕ್ಷನ್).

ತಿಪಟೂರಿನವರ ಕಥೆಗೆ ವಾಪಸ್ ಬರುತ್ತೇನೆ. ಅವತ್ತಿನಿಂದ ಎರಡು ಬದಲಾಯಿಸಿಕೊಂಡೆ. ಒಂದು, ಬ್ಲಾಕ್ ಹಾಕಿದ ಕೈಯ ಬ್ಯಾಂಡೇಜ್ ಮೇಲೆ ಮಾರ್ಕರಿನಲ್ಲಿ ದಪ್ಪಗೆ ಬರೆಯುತ್ತೇನೆ: "ಹಾಕಿದ್ದು ಮಧ್ಯಾಹ್ನ 2. ಬಿಡುವುದು ರಾತ್ರಿ 12ರ ಮೇಲೆ. ರಾತ್ರಿ 9ಕ್ಕೆ ಮಾತ್ರೆ ಕೊಡಿ." ನೋವಿದೆಯಾ ಅಂತ ಕೇಳಿ ಕೊಡುವುದಲ್ಲ. ನೋವಿಲ್ಲದಿದ್ದರೂ ಕೊಡುವುದು. ಪ್ಯಾರಾಸಿಟಮಾಲ್ ಮತ್ತು, ಕಿಡ್ನಿ ಚೆನ್ನಾಗಿದ್ದರೆ, ಅದರ ಜೊತೆಗೆ ಇನ್ನೊಂದು ನೋವಿನ ಮಾತ್ರೆ. ಎಸ್‌ಒಎಸ್ ಅನ್ನುವ ಮೂರಕ್ಷರವನ್ನು ನನ್ನ ಪೆನ್ನು ಮರೆತೇಬಿಟ್ಟಿದೆ.

ಎರಡನೆಯದು ಮನೆಯವರಿಗೆ ಹೇಳುವುದು. ಕೈ ಮರಗಟ್ಟಿರುವಷ್ಟು ಹೊತ್ತು ಅದು ಮಗುವಿನ ಹಾಗೆ, ನೀವೇ ಕಾಯಬೇಕು. ಜೋಳಿಗೆಯಲ್ಲಿರಲಿ. ಬಿಸಿ ಟೀ ಲೋಟ, ಒಲೆ, ಮಂಚದ ಅಂಚು ಯಾವುದೂ ಅದಕ್ಕೆ ಗೊತ್ತಾಗುವುದಿಲ್ಲ. ಬೆರಳಲ್ಲಿ ಮೊದಲ ಜೋಮು ಬಂದ ಕೂಡಲೇ ಸಿಸ್ಟರನ್ನು ಕರೆಯಿರಿ, ನೋವು ಬರಲಿ ಅಂತ ಕಾಯಬೇಡಿ.

ಕೊನೆಗೆ ಮುಂದಿನ ಸಾಲಿನಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರು ಎದ್ದು, "ಇಷ್ಟೆಲ್ಲಾ ಹೇಳಿದ್ರಿ ಡಾಕ್ಟ್ರೇ, ಮುಂದಿನ ತಿಂಗಳು ನನ್ನ ಮಂಡಿ ಬದಲಾಯಿಸ್ತಾರೆ. ನನಗೆ ಯಾವುದು ಹಾಕಿಸಿಕೊಳ್ಳಲಿ?" ಅಂತ ಕೇಳಿದರು. ನಾನು ಮೊದಲು ಕೇಳಿದ್ದು, "ಆಪರೇಷನ್ ಎಷ್ಟು ಗಂಟೆಗೆ, ಮೇಷ್ಟ್ರೇ?" ಬೆಳಿಗ್ಗೆ 8ಕ್ಕಂತೆ. ಹಾಗಿದ್ದರೆ ಆಪರೇಷನ್ನಿಗೆ ಬೆನ್ನಲ್ಲಿ ಹೆವಿ ಬುಪಿವಕೇನ್ (ಗ್ಲೂಕೋಸ್ ಸೇರಿಸಿ ಭಾರ ಮಾಡಿದ್ದು). ಮುಗಿದ ಮೇಲೆ ತೊಡೆಯ ಒಳಭಾಗದ ನರಕ್ಕೆ 0.2 ಪರ್ಸೆಂಟ್ ರೋಪಿವಕೇನ್. ಮಧ್ಯಾಹ್ನವೇ ಮಾತ್ರೆ ಶುರು. ಸಂಜೆ ಫಿಸಿಯೋದವರು ವಾಕರ್ ಹಿಡಿಸಿ ನಾಲ್ಕು ಹೆಜ್ಜೆ ನಡೆಸುವಾಗ ತೊಡೆ ನಿಮ್ಮ ಮಾತು ಕೇಳುತ್ತದೆ. ಬ್ಲಾಕ್ ಬಿಡುವುದೂ ಸಂಜೆಯೇ, ವಾರ್ಡಿನಲ್ಲಿ ದೀಪ ಉರಿಯುತ್ತಿರುವಾಗ, ಡ್ಯೂಟಿ ಸಿಸ್ಟರ್ ಎದುರಿಗೇ ಇರುವಾಗ.

"ತಟ್ಟೆ ಇಡ್ಲಿ ಯಾವಾಗ ತಿನ್ನಬಹುದು?" ಅಂದರು ಮೇಷ್ಟ್ರು.

ವಾಂತಿ ಇಲ್ಲದಿದ್ದರೆ ಅವತ್ತು ಮಧ್ಯಾಹ್ನವೇ.